ನಮ್ಮ ಟೈರಿಗೆ ಗೀಟೆಳೆಯುವುದನ್ನು ನಿಲ್ಲಿಸಿದ ಅಧಿಕಾರಿಗಳಿಗೆ

ಕಡಲತೀರದ ಪೌರಾಡಳಿತದ ವಾಹನ ನಿಲುಗಡೆ ಇನ್‌ಸ್ಪೆಕ್ಟರ್ ಸಾಹೇಬರ ಸನ್ನಿಧಾನಕ್ಕೆ, ಲಾಂಡ್ರಿಯ ಗೋಡೆಗೆ ತಾಗಿ ನಿಂತಿರುವ ಬಿಳಿ ವ್ಯಾನಿನ ಚಾಲಕನ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಸೊಂಟವೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ನನ್ನ ಭಾಷೆಯಲ್ಲೇ ಬರೆದು ವ್ಯಾನಿನ ಹಿಂದಿನ ಗಾಜಿಗೆ ಅಂಟಿಸುತ್ತಿರುವುದಕ್ಕೆ ಕ್ಷಮೆಯಿರಲಿ; ತಮ್ಮ ಊರಿಗೆ ಬಂದು ಆರು ತಿಂಗಳಾದರೂ, ಸಿಟ್ಟನ್ನು ಮರ್ಯಾದೆಯಿಂದ ಬರೆಯುವಷ್ಟು ತಮ್ಮ ಭಾಷೆ ನನಗೆ ಬಂದಿಲ್ಲ. ಓದಿ ಕೈಸನ್ನೆಯಲ್ಲಿ ತಿಳಿಸಲು ನನ್ನ ಹೆಂಡತಿಯನ್ನು ಕೇಳಬಹುದು, ಆದರೆ ಅವಳು ತನಗೆ ಬೇಡದ ಸಾಲುಗಳನ್ನು ಬಿಟ್ಟು ಓದುತ್ತಾಳೆ.

ನಾನು ಮೂವತ್ತೊಂದು ವರ್ಷ ಒಂದೇ ಮಾರ್ಗದಲ್ಲಿ ಬಸ್ಸು ಓಡಿಸಿದವನು. ಬೆಳಿಗ್ಗೆ ನಮ್ಮ ಮನೆಯ ಮುಂದಿನಿಂದಲೇ ಹೋಗುವುದು, ಸಂಜೆ ಅದೇ ದಾರಿಯಲ್ಲಿ ಬರುವುದು. ನಿವೃತ್ತಿಯ ದಿನ ಡಿಪೋದವರು ಶಾಲು ಹೊದಿಸಿ ಕೈಗೆ ಮೈಕು ಕೊಟ್ಟಾಗ, ಇನ್ನು ಮೇಲೆ ಹೋದ ದಾರಿಯಲ್ಲಿ ತಿರುಗಿ ಬರುವವನಲ್ಲ, ರಸ್ತೆ ಇರುವಷ್ಟೂ ಮುಂದಕ್ಕೇ ಹೋಗುತ್ತೇನೆ ಎಂದು ಇನ್ನೂರು ಜನರೆದುರು ಹೇಳಿಬಿಟ್ಟೆ. ಹೇಳಿದಂತೆಯೇ ಹಳೆಯ ವ್ಯಾನಿನೊಳಗೆ ಮಂಚ, ಒಲೆ, ಹೆಂಡತಿಯ ಹೊಲಿಗೆ ಯಂತ್ರ ಎಲ್ಲ ಕೂರಿಸಿಕೊಂಡು, ದೇಶ ದಾಟಿ ದೇಶ, ಎರಡು ವರ್ಷ ಒಂದು ಸಲವೂ ಹಿಂದಿರುಗದೆ ಬಂದೆ. ತಮ್ಮ ಊರಲ್ಲಿ ಮೂರು ದಿನ ನಿಂತು, ಬಟ್ಟೆ ಒಗೆಸಿಕೊಂಡು ಹೊರಡುವುದೆಂದಿತ್ತು.

ಒಂದೇ ಜಾಗದಲ್ಲಿ ಮೂರು ದಿನಕ್ಕಿಂತ ಹೆಚ್ಚು ಯಾವ ವಾಹನವೂ ನಿಲ್ಲಕೂಡದೆಂಬ ತಮ್ಮ ನಿಯಮವನ್ನು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ. ಕೋಲಿನ ತುದಿಗೆ ಸೀಮೆಸುಣ್ಣ ಕಟ್ಟಿಕೊಂಡು, ಗಾಡಿ ಕದಲಿದೆಯೇ ಎಂದು ತಿಳಿಯಲು, ಬಗ್ಗದೆಯೇ ಟೈರಿನಿಂದ ನೆಲಕ್ಕೆ ತಾವು ಎಳೆಯುತ್ತಿದ್ದ ಆ ನೇರವಾದ ಗೀಟನ್ನು ನಾನು ನಿಂತು ನೋಡುತ್ತಿದ್ದೆ. ಹೆಂಡತಿಯೂ ನಿಯಮವನ್ನು ನನ್ನಷ್ಟೇ ಭಕ್ತಿಯಿಂದ ಕೇಳಿಸಿಕೊಂಡು, "ಜಾಗ ಬಿಡಿ ಅಂದಿದ್ದಾರೆ, ಊರು ಬಿಡಿ ಅಂದಿಲ್ವಲ್ಲ. ಒಂದು ಗಾಡಿಯಷ್ಟು ಮುಂದಕ್ಕೆ ತಗೊಳ್ಳಿ" ಎಂದಳು.

ತೆಗೆದುಕೊಂಡೆ. ಮೂರು ದಿನಕ್ಕೊಮ್ಮೆ ಒಂದು ಗಾಡಿಯುದ್ದದಂತೆ ಲಾಂಡ್ರಿಯಿಂದ ಬಲೆ ರಿಪೇರಿಯವರ ಕಟ್ಟೆ, ಅಲ್ಲಿಂದ ಔಷಧಿ ಅಂಗಡಿ, ಅಲ್ಲಿಂದ ಮರಳು ಶುರುವಾಗುವ ಮೂಲೆ. ಅದರಾಚೆ ಸಮುದ್ರವಿರುವುದರಿಂದ, ಮಾನ್ಯರೇ, ಗಾಡಿ ತಿರುಗಿಸಿಕೊಂಡು ವಾಪಸು ಬರಬೇಕಾಯಿತು. ಹೀಗೆ ನೂರು ಹೆಜ್ಜೆಯ ಬೀದಿಯಲ್ಲಿ ಎರಡು ಸಲ ಹೋಗಿ ಎರಡು ಸಲ ಬಂದಿದ್ದೇನೆ.

ಆಮೇಲೆ ನನ್ನ ಗ್ರಹಚಾರ ಕೆಟ್ಟಿತು. ಸುಣ್ಣದ ಪುಡಿಯಿಂದ ತಮ್ಮ ಪ್ಯಾಂಟಿನ ಜೇಬು ಬೆಳ್ಳಗಾಗುವುದನ್ನು ನೋಡಲಾರದೆ ಅವಳು ಬೆಲ್ಟಿಗೆ ಸಿಕ್ಕಿಸುವ ಚೀಲವೊಂದನ್ನು ಹೊಲಿದುಕೊಟ್ಟಳು, ತಾವು ಮರುದಿನದಿಂದ ನಮ್ಮ ಟೈರನ್ನೇ ಮರೆತಿರಿ. ಒಂದು ತಿಂಗಳಿಂದ ಪಕ್ಕದ ಕಾರುಗಳ ಗೀಟು ನೋಡಿ ನಾನು ಹೊಟ್ಟೆಕಿಚ್ಚು ಪಡುತ್ತಿದ್ದೇನೆ. ಅಷ್ಟರಲ್ಲಿ ಲಾಂಡ್ರಿಯಾಕೆ ಹರಿದ ಚಾದರಗಳನ್ನೆಲ್ಲ ತಂದು ಇವಳ ಮುಂದೆ ರಾಶಿ ಹಾಕಿದ್ದಾಳೆ, ಔಷಧಿ ಅಂಗಡಿಯವರು ಮನೆಯ ಕೀಲಿ ಕೊಟ್ಟು ಪ್ರವಾಸ ಹೋಗಿದ್ದಾರೆ, ಬೆಳಗಾದರೆ ನಾಲ್ಕು ಹೆಂಗಸರು ಅಲೆಯಂಚಿನಲ್ಲಿ ನಡೆಯಲು ಇವಳನ್ನು ಕರೆಯಲು ಬರುತ್ತಾರೆ. ಇವಳು ನಮ್ಮ ಭಾಷೆಯಲ್ಲಿ ಹರಟುತ್ತಾಳೆ, ಅವರು ತಮ್ಮ ಭಾಷೆಯಲ್ಲಿ ನಗುತ್ತಾರೆ.

ಹೊರಡೋಣವೆಂದರೆ ಅವಳು ಹಲ್ಲಿನಲ್ಲಿ ದಾರ ಕಚ್ಚಿ ತುಂಡರಿಸಿ, "ಮೂವತ್ತೊಂದು ವರ್ಷ ನೀವು ಹೋಗ್ತಿದ್ರಿ, ಬರ್ತಿದ್ರಿ. ನಾನು ಬಾಗಿಲಲ್ಲಿ ನಿಂತಿರ್ತಿದ್ದೆ. ಎರಡು ವರ್ಷ ನಿಮ್ಮ ಜೊತೆ ಸುತ್ತಿದ್ದೂ ಆಯ್ತು. ಈಗ ನಂಗೆ ಇಳೀಬೇಕು" ಎಂದಳು. ಅದಕ್ಕೇ ತಮಗೆ ದೂರು ಕೊಡುತ್ತಿದ್ದೇನೆ. ಅವಳನ್ನು ಬಿಟ್ಟು ಹೋಗುವುದು ನನ್ನಿಂದಾಗದು. ನಿಂತುಬಿಟ್ಟೆನೆಂದು ಡಿಪೋದವರಿಗೆ ಹೇಳಲು ನಾಚಿಕೆಯಾಗುತ್ತದೆ. ಆದ್ದರಿಂದ ದಯಮಾಡಿ ನಾಲ್ಕೂ ಟೈರಿಗೆ ಗೀಟೆಳೆದು ನಮ್ಮನ್ನು ಊರಿಂದಲೇ ಓಡಿಸಬೇಕು. ಅದು ತಮ್ಮ ಅಧಿಕಾರದಲ್ಲಿಲ್ಲದಿದ್ದರೆ, ಬೀದಿಯ ಕೊನೆಯಲ್ಲಿರುವ ಸಮುದ್ರವನ್ನಾದರೂ ಒಂದಿಷ್ಟು ಪಕ್ಕಕ್ಕೆ ಸರಿಸಿ ರಸ್ತೆ ಮಾಡಿಸಿಕೊಡಬೇಕು.

ನಿನ್ನೆ ತಾವು ಕೋಲು ಎತ್ತಿದ್ದನ್ನು ಕಂಡು ಹೋದ ಜೀವ ಬಂದಂತಾಯಿತು. ತಾವಾದರೋ ಟೈರನ್ನು ಬಿಟ್ಟು, ಲಾಂಡ್ರಿ ಹದಿನೇಳನೇ ನಂಬರು, ಕಟ್ಟೆ ಹದಿನೆಂಟು ಎಂದು ಬೆರಳಲ್ಲಿ ತೋರಿಸಿ, ತುಕ್ಕು ಹಿಡಿದು ಕೆಂಪಾದ ನಮ್ಮ ಬಾಗಿಲ ಮೇಲೆ ದೊಡ್ಡದಾಗಿ ಹದಿನೇಳೂವರೆ ಎಂದು ಬರೆದು, ಅಂಚೆಯವನಿಗೆ ಅನುಕೂಲವಾಗಲೆಂದು ಕೈಸನ್ನೆ ಮಾಡಿ ಹೋದಿರಿ. ಮನೆ ನಂಬರು ಬಿದ್ದ ಮೇಲೆ ಗಾಡಿ ಒಂದು ಗೇಣು ಸರಿದರೂ ತಪ್ಪು ವಿಳಾಸವಾಗುತ್ತದೆಂಬುದು ತಮಗೆ ಹೊಳೆಯಲಿಲ್ಲವೇ? ಅವಳು ಹೊಲಿಗೆ ಬಿಟ್ಟೆದ್ದು ಬಂದು, ಬಾಗಿಲಲ್ಲಿ ನಿಂತು, ಆ ಅಂಕಿಯನ್ನು ಬಹಳ ಹೊತ್ತು ನೋಡಿದಳು. ಹಾಗೆ ನಿಂತವಳನ್ನು ಇಷ್ಟು ವರ್ಷ ನಾನು ಬಸ್ಸಿನ ಕನ್ನಡಿಯಲ್ಲಿ ಮಾತ್ರ ನೋಡಿದ್ದೆ.

ಶೀಘ್ರ ಕ್ರಮದ ನಿರೀಕ್ಷೆಯಲ್ಲಿ,

ತಮ್ಮ ವಿಶ್ವಾಸಿ,
ಬಿಳಿ ವ್ಯಾನಿನ ಚಾಲಕ

ತಾ.ಕ.: ತಮ್ಮ ಸೀಮೆಸುಣ್ಣದ ಅಂಕಿ ಬೆಳಗಿನ ತುಂತುರಿಗೆ ಅರ್ಧ ಅಳಿಸಿಹೋಗಿತ್ತು. ಸರ್ಕಾರಿ ಕೆಲಸ ಇಷ್ಟು ಕಚ್ಚಾ ಇರುವುದು ತಮ್ಮ ಹುದ್ದೆಗೆ ಶೋಭೆಯಲ್ಲ. ಅವಳು ನಡಿಗೆಯಿಂದ ಬರುವಷ್ಟರಲ್ಲಿ ನಾನೇ ತಿದ್ದಿ ಬರೆದಿದ್ದೇನೆ. ಮುಂದಿನ ಸಲ ಬರುವಾಗ ಬಣ್ಣ ತನ್ನಿ.