ಹರಾಜಿಗೆ ಹೋದ ಉಪ್ಪಿನಕಾಯಿ ಭರಣಿ

ಸುಗ್ಗಿ ಹಬ್ಬ ಹತ್ತಿರ ಬಂದಾಗ ನಮ್ಮ ಸಭೆಯ ಪಾದ್ರಿ ಅಯ್ಯನವರು ನನ್ನನ್ನು ಚರ್ಚಿನ ಬಾಗಿಲಲ್ಲಿ ನಿಲ್ಲಿಸಿದರು. "ಸರ್ರ, ದೇವರು ಕೊಟ್ಟಿದ್ದನ್ನ ಹಾಳು ಮಾಡಬಾರ್ದು ಅನ್ನೋದರ ಮ್ಯಾಲೆ ಈ ಸಲ ನೀವ ನಾಕ್ ಮಾತು ಹೇಳ್ರಿ. ಆಮ್ಯಾಲೆ ಹರಾಜಿನ ಸವಾಲೂ ನೀವ ನಡಸ್ರಿ" ಎಂದರು. ನನಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. ಇಷ್ಟು ವರ್ಷ ಯಾಕೆ ಕೇಳಲಿಲ್ಲ ಎಂಬುದೇ ಆಶ್ಚರ್ಯ!

ಯಾಕೆಂದರೆ ಮಿತವ್ಯಯದ ವಿಷಯದಲ್ಲಿ ಉಣಕಲ್ಲಿನಿಂದ ಧಾರವಾಡದವರೆಗೆ ನನ್ನನ್ನು ಮೀರಿಸುವವರಿಲ್ಲ. ಧಾರವಾಡದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುವ ನಾನು ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ, ಒಳಮೈಯನ್ನು ಬ್ರಷ್ಷಿನಿಂದ ಬಳಿದು ಇನ್ನೊಂದು ವಾರ ತಳ್ಳುವವನು. ನೀರು ಶುದ್ಧ ಮಾಡುವ ಯಂತ್ರ ಹೊರಗೆ ಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಕರಿಬೇವಿನ ಗಿಡಕ್ಕೆ ಹಾಕುವವನು. ಗಿಡ ಒಣಗಿಹೋಯಿತು, ಆ ಮಾತು ಬೇರೆ.

ನಮ್ಮ ಸುಗ್ಗಿ ಹಬ್ಬ ಗೊತ್ತಿಲ್ಲದವರಿಗೆ ಎರಡು ಮಾತು. ಆ ಭಾನುವಾರ ಎಲ್ಲರೂ ಮನೆಯಿಂದ ಏನಾದರೂ ತರುತ್ತಾರೆ. ಹೊಲ ಇದ್ದವರು ಜೋಳ, ಕುಂಬಳಕಾಯಿ ತರುತ್ತಾರೆ. ಹೊಲ ಇಲ್ಲದವರು ಕೇಕು, ಕೋಳಿ, ಚಕ್ಕುಲಿ ತರುತ್ತಾರೆ. ಅದನ್ನೆಲ್ಲ ವೇದಿಯ ಮುಂದೆ ಇಟ್ಟು ಪ್ರಾರ್ಥನೆ ಮಾಡಿ, ಆಮೇಲೆ ಹರಾಜು ಹಾಕುತ್ತೇವೆ. ಬಂದ ಹಣ ಸಭೆಯ ಕೆಲಸಕ್ಕೆ. ಕೊನೆಗೆ ಎಲ್ಲರೂ ಕೂಡಿ ಉಣ್ಣುವ ಪ್ರೀತಿಭೋಜನ.

ಭಾಷಣಕ್ಕೆ ನಾನು ಆರಿಸಿಕೊಂಡದ್ದು ಐದು ರೊಟ್ಟಿ, ಎರಡು ಮೀನಿನ ಕಥೆ. ಯೇಸುಸ್ವಾಮಿ ಅಷ್ಟರಲ್ಲೇ ಸಾವಿರಾರು ಜನರಿಗೆ ಉಣಿಸಿ, ಕಡೆಗೆ ಉಳಿದ ತುಂಡುಗಳನ್ನು ಒಂದೂ ಬಿಡದೆ ಕೂಡಿಸಲು ಹೇಳಿದರು. ಹನ್ನೆರಡು ಬುಟ್ಟಿ ತುಂಬಿದವು. ಬೇರೆಯವರಿಗೆ ಅದರಲ್ಲಿ ಅದ್ಭುತ ಕಾಣುತ್ತದೆ. ನನಗೆ ಮೊದಲಿನಿಂದಲೂ ಬುಟ್ಟಿಗಳ ಮೇಲೆಯೇ ಕಣ್ಣು!

ಆದರೆ ಹೇಳುವವನು ಮೊದಲು ಮಾಡಿ ತೋರಿಸಬೇಕಲ್ಲ? ಶನಿವಾರ ಸಂಜೆ ಹೆಂಡತಿ ಸುಗುಣಾ ಹಾಡಿನ ಅಭ್ಯಾಸಕ್ಕೆಂದು ಚರ್ಚಿಗೆ ಹೋದ ಹೊತ್ತು ನೋಡಿ, ಅಡುಗೆಮನೆಯ ಕಪಾಟಿನ ಸುಧಾರಣೆಗೆ ಕೈ ಹಾಕಿದೆ. ಬಳಸದೆ ಬಿದ್ದದ್ದೆಲ್ಲ ಒಂದು ಚೀಲಕ್ಕೆ ಹೋಯಿತು. ಮುರುಕಲು ಮುಚ್ಚಳದ ಬಿಸ್ಕೀಟು ಡಬ್ಬಿ, ಯಾರೋ ಉಡುಗೊರೆ ಕೊಟ್ಟ ಸ್ಟೀಲ್ ಡಬ್ಬಿ, ಎರಡು ಹೂದಾನಿ. ಎಲ್ಲದರ ಹಿಂದೆ, ಬಟ್ಟೆಯಿಂದ ಬಾಯಿ ಕಟ್ಟಿದ ಒಂದು ಭರಣಿ.

ಅದು ನಮ್ಮ ಅತ್ತೆಯವರ ಮಾವಿನಕಾಯಿ ಉಪ್ಪಿನಕಾಯಿ. ಸುಗುಣಾಳ ತಾಯಿ ನಮ್ಮ ಜೊತೆಗೇ ಇದ್ದರು. ಬೇಸಿಗೆಯಲ್ಲಿ ಉಪ್ಪಿನಕಾಯಿ ಹಾಕಿ, ಮಳೆಗಾಲದಲ್ಲಿ ತೀರಿಕೊಂಡರು. ಅಂದಿನಿಂದ ಆ ಅರ್ಧ ಭರಣಿಗೆ ಸುಗುಣಾ ಚಮಚ ಹಾಕಿರಲಿಲ್ಲ. ನಾನು ಕೇಳಿದರೆ, "ಇರ್ಲಿ ಬಿಡ್ರಿ ಅದು" ಎಂದು ಅಂಗಡಿಯ ಬಾಟ್ಲಿ ಮುಂದಿಡುತ್ತಿದ್ದಳು. ಮನೆಯದು ಸುಮ್ಮನೆ ಕೂತಿದೆ, ಅಂಗಡಿಯದಕ್ಕೆ ದುಡ್ಡು ಹೋಗುತ್ತಿದೆ! ನಮ್ಮ ಶಾಸ್ತ್ರದಲ್ಲಿ ಇದಕ್ಕೆ ನಿಷ್ಕ್ರಿಯ ಆಸ್ತಿ ಎನ್ನುತ್ತಾರೆ. ಅವಳು ಯಾಕೆ ಮುಟ್ಟುತ್ತಿಲ್ಲ ಎಂದು ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು. ಆದರೆ ವೇಳೆಯನ್ನೂ ವ್ಯರ್ಥ ಮಾಡಬಾರದಲ್ಲ! ಭರಣಿಯೂ ಚೀಲ ಸೇರಿತು. ಭಾನುವಾರ ನಸುಕಿನಲ್ಲೇ ಸುಗುಣಾ ಗಡಿಬಿಡಿಯಲ್ಲಿ ಕಪಾಟು ತೆರೆಯದೆ ಹಾಡಿನವರ ಜೊತೆ ಚರ್ಚಿಗೆ ಹೋದಳು; ಚೀಲವನ್ನು ನಾನು ಹಾಗೆಯೇ ಒಯ್ದು ವೇದಿಯ ಮುಂದೆ ಇಟ್ಟೆ.

ನನ್ನ ಭಾಷಣ ಎಂಥ ಯಶಸ್ಸು ಕಂಡಿತೆಂದರೆ, ಹಿಂದಿನ ಸಾಲಿನಲ್ಲಿ ಯಾವಾಗಲೂ ತೂಕಡಿಸುವ ಹಿರಿಯರೂ ಎಚ್ಚರವಿದ್ದರು. ನಾನು ಕೈ ಎತ್ತಿ, "ಇವತ್ತಿನ ಪ್ರೀತಿಭೋಜನದಾಗ ಯಾರ ತಾಟಿನ್ಯಾಗೂ ಒಂದು ಅಗಳು ಸೈತ ಉಳೀಬಾರ್ದು!" ಎಂದು ಆಜ್ಞೆ ಮಾಡಿದೆ. ಸಭೆಗೆ ಸಭೆಯೇ ತಲೆಯಾಡಿಸಿತು.

ಹರಾಜು ಶುರುವಾಯಿತು. ಕುಂಬಳಕಾಯಿ ಹೋಯಿತು, ಕೋಳಿ ಹೋಯಿತು. ನಾನು ಸ್ಟೀಲ್ ಡಬ್ಬಿ ಎತ್ತಿ ಹಿಡಿದು, ಅದರ ಮೇಲೆ ಕೆತ್ತಿಸಿದ್ದನ್ನು ಗಟ್ಟಿಯಾಗಿ ಓದಿದೆ. "ಪ್ರೀತಿಯಿಂದ, ಕಮಲಾ ಟೀಚರ್!"

ಕಮಲಾ ಟೀಚರ್ ಎರಡನೇ ಸಾಲಿನಲ್ಲೇ ಕೂತಿದ್ದರು.

"ಈಕಡೆ ಕೊಡ್ರಿ ಅದನ್ನ" ಎಂದರು ಅವರು ಎದ್ದು ನಿಂತು. "ನಿಮ್ಮ ಗೃಹಪ್ರವೇಶಕ್ಕ ಕೊಟ್ಟಿದ್ದು. ಒಳಗಿನ ಚೀಟಿ ಸೈತ ಕಿತ್ತಿಲ್ಲಲ್ರಿ ಸರ್ರ!"

ಜನ ನಕ್ಕರು. ಇಷ್ಟಕ್ಕೇ ಬುದ್ಧಿವಂತ ಮೈಕು ಕೆಳಗಿಡುತ್ತಿದ್ದ. ನಾನು ಮಾನ ಉಳಿಸಿಕೊಳ್ಳುವ ಅವಸರದಲ್ಲಿ ಭರಣಿಯನ್ನೇ ಎತ್ತಿದೆ!

"ನಮ್ಮ ಅತ್ತೆಯವರ ಕೈಯ ಉಪ್ಪಿನಕಾಯಿ! ಇನ್ನು ಮ್ಯಾಲೆ ಬೇಕಂದ್ರೂ ಸಿಗಂಗಿಲ್ಲ! ಇದು ಕಡೇ ಭರಣಿ!"

ಹಾಡಿನವರ ಸಾಲಿನಲ್ಲಿ ಸುಗುಣಾ ತಟ್ಟನೆ ಎದ್ದು ನಿಂತಳು. ಕೈ ಎತ್ತಿ ಸವಾಲು ಹಾಕಿದಳು. ನನಗೆ ಹೆಮ್ಮೆಯಾಯಿತು. ಗಂಡನ ಹರಾಜಿಗೆ ಕಳೆ ಕಟ್ಟಲು ಹೆಂಡತಿಯೇ ಬೆಲೆ ಏರಿಸುತ್ತಿದ್ದಾಳೆ ಎಂದುಕೊಂಡೆ. "ನೋಡ್ರಿ, ಮನಿಯವ್ರ ಬಿಡವಲ್ರು! ಇದರ ರುಚಿ ಎಷ್ಟಿರಬೇಕು ಲೆಕ್ಕ ಹಾಕ್ರಿ!" ಎಂದೆ.

ಜನ ಲೆಕ್ಕ ಹಾಕಿದರು. ಅತ್ತೆಯವರ ಉಪ್ಪಿನಕಾಯಿ ಉಣ್ಣದವರು ನಮ್ಮ ಸಭೆಯಲ್ಲಿ ಯಾರಿದ್ದರು? ತಾರಿಹಾಳದಲ್ಲಿ ವರ್ಕ್‌ಶಾಪ್ ಇಟ್ಟಿರುವ ಜಯಪ್ರಕಾಶ ಎದ್ದರು. ಕೈ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಅವರು ಏರಿಸಿದರು, ಸುಗುಣಾ ಏರಿಸಿದಳು. ಅವರು ಮತ್ತೆ ಏರಿಸಿದರು. ಸುಗುಣಾ ಪರ್ಸು ತೆಗೆದು ಒಳಗೆ ನೋಡಿದಳು, ಪಕ್ಕದವರ ಕಿವಿಯಲ್ಲಿ ಏನೋ ಕೇಳಿ ಅವರಿಂದಲೂ ಇಸಿದುಕೊಂಡಳು, ಇನ್ನೊಮ್ಮೆ ಕೈ ಎತ್ತಿದಳು. ನಾನು ಅತ್ತೆಯವರ ಸಾಸಿವೆ, ಖಾರ, ಎಣ್ಣೆಯ ಗುಣಗಾನ ಮಾಡುತ್ತ ಬೆಲೆಯನ್ನು ಅವಳ ಕೈಗೆ ನಿಲುಕದಷ್ಟು ಮೇಲೆ ಹತ್ತಿಸಿದೆ. ಅತ್ತೆಯವರು ಬದುಕಿದ್ದಾಗ ಇದರಲ್ಲಿ ಒಂದು ಮಾತನ್ನೂ ನಾನು ಆಡಿರಲಿಲ್ಲ. "ಉಪ್ಪು ಸ್ವಲ್ಪ ಜಾಸ್ತಿ" ಎಂದಷ್ಟೇ ಹೇಳುತ್ತಿದ್ದೆ.

"ಒಂದು ಸಲ! ಎರಡು ಸಲ! ಮೂರು ಸಲ!"

ಆಗ ಸುಗುಣಾಳ ಕೈ ನಿಧಾನವಾಗಿ ಕೆಳಗಿಳಿಯಿತು. ಅವಳ ಮುಖ ನೋಡಿದೆ. ತಾಯಿಯನ್ನು ಮಣ್ಣು ಮಾಡಿ ಬಂದ ಸಂಜೆಯೂ ಆ ಮುಖ ಹಾಗಿರಲಿಲ್ಲ. ಮಾಡಿದ್ದೇನು ಎಂಬುದು ಆಗ ತಿಳಿಯಿತು. ಸರಿಯಾಗಿ ಮೂರು ಸಲ ಕೂಗಿ ಮುಗಿದ ಮೇಲೆ!

ಮೈಕು ಬಿಟ್ಟು ಸುಗುಣಾಳ ಹತ್ತಿರ ಓಡಿದೆ. "ನಾ ಹೋಗಿ ಜಯಪ್ರಕಾಶಗ ಹೇಳ್ತೇನಿ. ವಾಪಸ್ ಕೊಡ್ತಾರ" ಎಂದೆ.

"ಬ್ಯಾಡ್ರಿ" ಎಂದಳು. "ದೇವರ ಮುಂದ ಇಟ್ಟು ಪ್ರಾರ್ಥನಿ ಮಾಡಿದ್ದದು. ಕೊಂಡ್ರ ತರಬಹುದಿತ್ತು. ಬೇಡಿ ತರಬಾರ್ದು." ಸೆರಗು ಸಿಕ್ಕಿಸಿಕೊಂಡು ಬಡಿಸುವ ಹೆಂಗಸರ ಜೊತೆ ಒಳಗೆ ಹೋದಳು.

ಅಷ್ಟರಲ್ಲಿ ಜಯಪ್ರಕಾಶ ಭರಣಿಯ ಬಟ್ಟೆ ಬಿಚ್ಚಿದ್ದರು. "ನಾ ಒಬ್ಬನ ಮನಿಗೆ ಒಯ್ದು ಏನ್ ಮಾಡ್ಲಿ? ಆ ತಾಯಿ ಕೈಯಿಂದ ಎಲ್ಲಾರೂ ಉಂಡವ್ರ. ಎಲ್ಲಾರೂ ತಿನ್ನೂಣು!" ಎನ್ನುತ್ತ ಸಾಲಾಗಿ ಬಡಿಸುತ್ತ ಹೊರಟರು. ಇಂಥ ಒಳ್ಳೆಯ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ನನ್ನ ತಟ್ಟೆಗೂ ಒಂದು ದೊಡ್ಡ ಹೋಳು ಬಿತ್ತು. ಸುಗುಣಾಳಿಗೆ ಒಂದಿಷ್ಟಾದರೂ ಉಳಿಸಬೇಕೆಂಬ ಅವಸರದಲ್ಲಿ ಆ ತಟ್ಟೆಯನ್ನು ಮುಟ್ಟದೆ ಬೆಂಚಿನ ಮೇಲೆ ಮರೆತುಬಿಟ್ಟು ಭರಣಿಯ ಹಿಂದೆ ಹೋದೆ. ನಾನು ಕೊನೆಯ ಸಾಲು ಮುಟ್ಟುವ ಹೊತ್ತಿಗೆ ಅದು ಖಾಲಿ.

ಆಮೇಲೆ ಸಭೆಯವರು ಕಂಡದ್ದು ವಿಚಿತ್ರ ದೃಶ್ಯ. ಬೆಳಗ್ಗೆ ಭಾಷಣ ಮಾಡಿದವನು ಮಧ್ಯಾಹ್ನ ಸಾಲು ಸಾಲಾಗಿ ತಟ್ಟೆಗಳಲ್ಲಿ ಇಣುಕುತ್ತಿದ್ದಾನೆ! ಯಾರಾದರೂ ಒಂದು ಹೋಳನ್ನು ಮುಟ್ಟದೆ ಬಿಟ್ಟಿದ್ದಾರೆಯೇ, ಖಾರ ಹೆಚ್ಚಾಯಿತೆಂದು ಪಕ್ಕಕ್ಕೆ ಸರಿಸಿದ್ದಾರೆಯೇ ಎಂದು ಹುಡುಕಿದೆ. ಜೀವಮಾನದಲ್ಲಿ ಮೊದಲ ಸಲ, ಜನ ಸ್ವಲ್ಪ ಹಾಳು ಮಾಡಲಿ ಎಂದು ದೇವರಲ್ಲಿ ಬೇಡಿಕೊಂಡೆ. ಆದರೆ ಅವರು ನನ್ನ ಮಾತು ಕೇಳಿಬಿಟ್ಟಿದ್ದರು! ತಟ್ಟೆಗಳು ತೊಳೆದಿಟ್ಟಂತೆ ಮಿನುಗುತ್ತಿದ್ದವು. ಕಮಲಾ ಟೀಚರ್ ಮಾವಿನ ಓಟೆಯನ್ನೂ ಚೀಪಿ ಬೆಳ್ಳಗೆ ಮಾಡಿದ್ದರು. "ನೋಡ್ರಿ ಸರ್ರ, ಒಂದು ಅಗಳು ಬಿಟ್ಟಿಲ್ಲ" ಎಂದು ತಟ್ಟೆ ತೋರಿಸಿದರು.

ಹೊರಗೆ ನಲ್ಲಿಯ ಹತ್ತಿರ ಎಸ್ತರಕ್ಕ ತಟ್ಟೆ ತೊಳೆಯುತ್ತಿದ್ದರು. "ಎಸ್ತರಕ್ಕಾರ, ಎಲ್ಯರೆ ಉಪ್ಪಿನಕಾಯಿ ಹೋಳು ಉಳಿದದೇನ್ರಿ?" ಎಂದೆ.

"ಎಲ್ಲಿದ್ರಿ, ಎಲ್ಲಾರೂ ಬಳದು ಉಂಡಾರ" ಎಂದರು. "ಒಂದ ಒಂದು ತಾಟು ಮಾತ್ರ ಹಾಂಗ ಇತ್ತು ನೋಡ್ರಿ. ಆ ಬೆಂಚಿನ ಮ್ಯಾಲೆ. ಅನ್ನನೂ ಮುಟ್ಟಿಲ್ಲ, ದೊಡ್ಡದೊಂದು ಹೋಳೂ ಹಾಂಗ ಇತ್ತು. ಈಗರೆ ಬಕೇಟಿಗೆ ಸುರುವಿದೆ. ನಿಮ್ಮಂಥವ್ರ ಭಾಷಣ ಕೇಳಿನೂ ಹಾಳು ಮಾಡ್ತಾರಂದ್ರ, ಎಂಥ ಮಂದಿ ಇರ್ತಾರ್ರಿ!"

"ಹೌದ್ರಿ" ಎಂದೆ. ಬಕೆಟ್ಟಿನಲ್ಲಿ ಇಣುಕಿ ನೋಡಿದೆ. ಸಾರು, ಸೋಪಿನ ನೀರು, ಅದರ ನಡುವೆ ಅತ್ತೆಯವರ ಕೊನೆಯ ಹೋಳು.

ಜಯಪ್ರಕಾಶ ಖಾಲಿ ಭರಣಿಯನ್ನು ಸುಗುಣಾಳಿಗೆ ಕೊಟ್ಟು, "ಇದು ನಿಮ್ಮದ ಅಲ್ಲೇನ್ರಿ ಅಕ್ಕಾರ, ತಗೋರಿ" ಎಂದರಂತೆ. ಆಟೋದಲ್ಲಿ ಅವಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ನನಗೆ ಕ್ಷಮೆ ಕೇಳುವ ಮಾತು ಬೇಕಾಗಿತ್ತು. ಬೆಳಗಿನಿಂದ ಅಷ್ಟು ಮಾತು ಖರ್ಚು ಮಾಡಿದ್ದೆ. ಆಗ ಒಂದೂ ಉಳಿದಿರಲಿಲ್ಲ.

ಮನೆಗೆ ಬಂದು ಸೀರೆಯನ್ನೂ ಬದಲಿಸದೆ ಅನ್ನಕ್ಕೆ ಇಟ್ಟಳು. ಅವಳೂ ಉಂಡಿರಲಿಲ್ಲ. ಬಿಸಿ ಅನ್ನವನ್ನು ಭರಣಿಯೊಳಗೆ ಹಾಕಿ, ಕೈ ಇಳಿಸಿ, ಒಳಗೋಡೆಗೆ ಅಂಟಿದ್ದ ಖಾರ, ತಳದ ಎಣ್ಣೆ ಎಲ್ಲ ಬಳಿದು ಕಲಸತೊಡಗಿದಳು.

"ಸುಗುಣಾ, ಅದು ಹಂಗ ಕುಂತು ಹಾಳಾಗ್ತದ ಅಂತ..." ಎಂದೆ.

"ಹಾಳ್ಯಾಕ ಆಗ್ತಿತ್ರಿ?" ಎಂದಳು, ಭರಣಿಯಿಂದ ಕಣ್ಣು ತೆಗೆಯದೆ. "ದಿನಾ ಮುಂಜಾನೆ ಬಟ್ಟಿ ಬಿಚ್ಚಿ ಒಂದೀಟು ವಾಸನಿ ತಗೋತಿದ್ದೆ. ಅವ್ವ ಒಲಿ ಮುಂದ ನಿಂತಾಂಗ ಅನಸ್ತಿತ್ತು. ಅಷ್ಟ."

ಇನ್ನೊಂದು ಹಿಡಿ ಅನ್ನ ಭರಣಿಗೆ ಹಾಕುತ್ತ ಹೇಳಿದಳು. "ಇನ್ನೊಂದು ಭರಣಿ ಕಥಿ ಐತಲ್ರಿ, ಯೇಸುಸ್ವಾಮಿ ಪಾದದ ಮ್ಯಾಲೆ ಅತ್ತರು ಸುರುವಿದಾಕಿದು. ಲೆಕ್ಕ ಬಲ್ಲವ್ರೆಲ್ಲ 'ಹಾಳು ಮಾಡಿದಿ' ಅಂತ ಆಕಿಗೆ ಬೈದ್ರು. ಸ್ವಾಮಿ ಅವರಿಗೆ ಏನಂದ? ಆ ಕಥಿ ಯಾಕ ಹೇಳಲಿಲ್ಲ ನೀವು?"

ಏನಂದ ಎಂಬುದು ನನಗೆ ಗೊತ್ತಿತ್ತು. ಆಕೆಯ ಗೊಡವೆಗೆ ಹೋಗಬೇಡಿ ಎಂದಿದ್ದ.

ಸುಗುಣಾ ಮೊದಲ ತುತ್ತು ತಾನು ಉಂಡಳು. ಕಣ್ಣು ಮುಚ್ಚಿ, ತುಂಬ ಹೊತ್ತು ಅಗಿದಳು. ಎರಡನೆಯದನ್ನು, ನಾನು ಅದಕ್ಕೆ ಯಾವ ರೀತಿಯಲ್ಲೂ ಅರ್ಹನಲ್ಲದಿದ್ದರೂ, ನನ್ನ ಅಂಗೈಗೆ ಹಾಕಿದಳು. ಉಪ್ಪು ಸ್ವಲ್ಪವೂ ಜಾಸ್ತಿ ಇರಲಿಲ್ಲ. ಹಾಗೆಂದು ಹೇಳಿದೆ.

"ಅವ್ವ ಇದ್ದಾಗ ಹೇಳಬೇಕಿತ್ರಿ ಅದನ್ನ" ಎಂದಳು.

ಭರಣಿ ಬರಿದಾಗುವವರೆಗೂ ಇಬ್ಬರೂ ನೆಲದ ಮೇಲೆ ಕೂತು ಉಂಡೆವು. ಅವಳು ಬೆರಳಿಂದ ಬಳಿದ ಮೇಲೆ ಒಳಗೆ ಒಂದು ಸಾಸಿವೆ ಕಾಳೂ ಉಳಿದಿರಲಿಲ್ಲ. ಆ ದಿನ ಎಲ್ಲರ ಕಿವಿಗೂ ಬಿದ್ದು, ಒಬ್ಬನ ಮಟ್ಟಿಗೆ ಮಾತ್ರ ಪೂರ್ತಿ ವ್ಯರ್ಥವಾದದ್ದು ನನ್ನ ಭಾಷಣ. ಆ ಒಬ್ಬ ಮೈಕು ಹಿಡಿದು ನಿಂತಿದ್ದ!