ರೊದಿಯೋನ್ ಸವೇಲಿಚ್ ಕದ್ದ ಸಸಿಗಳು

"ನಲ್ವತ್ತು ವರ್ಷ ಇಡೀ ಬಡಾವಣೆಗೆ ಬಿಸಿ ಕೊಟ್ಟೋನು ನಾನು. ಒಂದು ಕಿಟಕಿ ಕಟ್ಟೆ ಬೆಚ್ಚಗಿಡೋಕೆ ಆಗಲ್ವಾ? ನೀನು ಬೇಸಿಗೆವರೆಗೂ ಇದ್ದು ಬಾ, ಫಯೀನಾ. ನೀನಿಲ್ಲ ಅಂತ ಇಲ್ಲಿ ಒಂದು ಎಲೆಗೂ ಗೊತ್ತಾಗಬಾರ್ದು, ಹಾಗೆ ನೋಡ್ಕೋತೀನಿ!"

ವೊಲೊಗ್ದಾ ರೈಲು ನಿಲ್ದಾಣದಲ್ಲಿ ರೊದಿಯೋನ್ ಸವೇಲಿಚ್ ಹೀಗೆ ಘೋಷಿಸಿದಾಗ ಪಕ್ಕದ ಬೋಗಿಯವರೂ ತಿರುಗಿ ನೋಡಿದರು. ಬಡಾವಣೆಯ ಮನೆಗಳಿಗೆಲ್ಲ ಕೊಳವೆಯಲ್ಲಿ ಬಿಸಿನೀರು ಹರಿಸಿ ಬೆಚ್ಚಗಿಡುವ ಬಾಯ್ಲರ್ ಮನೆಯ ಮೇಸ್ತ್ರಿಯಾಗಿದ್ದು ನಿವೃತ್ತರಾದವರ ಗಂಟಲು ಅದು, ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. ಹೆಂಡತಿ ಫಯೀನಾ ದೂರದ ಉಫಾಗೆ ಹೊರಟಿದ್ದಳು, ಮಗಳು ಲೀದಾಳ ಬಾಣಂತನಕ್ಕೆ. ಫೆಬ್ರವರಿಯ ಕೊನೆ. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿದ್ದರೂ ಮನೆಮನೆಯ ಕಿಟಕಿ ಕಟ್ಟೆಯ ಮೇಲೆ, ಮೊಸರಿನ ಖಾಲಿ ಡಬ್ಬಿಗಳಲ್ಲಿ ಟೊಮೆಟೊ ಮೊಳೆಯಲೇಬೇಕಾದ ಕಾಲ. ಹಿಮ ಕರಗಿದ ಮೇಲೆ ಅವನ್ನು ಊರಾಚೆಯ ತೋಟಕ್ಕೆ ಸಾಗಿಸಿ ನೆಡದ ಸಂಸಾರ ಅಲ್ಲಿ ಸಂಸಾರವೇ ಅಲ್ಲ.

"ದಿನಾ ಡಬ್ಬಿ ತಿರುಗಿಸು, ಇಲ್ದಿದ್ರೆ ಬೆಳಕಿನ ಕಡೆಗೇ ವಾಲ್ತವೆ. ಆಮೇಲೆ ಸ್ವಲ್ಪ ಮಾತಾಡ್ಸು," ಎಂದಳು ಫಯೀನಾ.

"ಯಾರನ್ನ?"

"ಟೊಮೆಟೊನ. ನನ್ನನ್ನಂತೂ ಮಾತಾಡ್ಸಿ ಯಾವ ಕಾಲ ಆಯ್ತೋ."

ರೈಲು ಹೊರಟಿತು. ಸವೇಲಿಚ್ ಮನೆಗೆ ಬಂದು ಮೊದಮೊದಲು ಸಸಿಗಳೊಂದಿಗೆ ಹವಾಮಾನದ ಬಗ್ಗೆ ಬಿಗುಮಾನದಿಂದ ಮಾತಾಡಿದರು. ಆಮೇಲೆ ತಾವೇ ಮಾಡಿದ ಎಲೆಕೋಸಿನ ಸಾರಿನ ಬಗ್ಗೆ ದೂರು ಹೇಳಿಕೊಂಡರು. ಬರಬರುತ್ತಾ ಮಾತೆಲ್ಲ ಫಯೀನಾಳದೇ ಆಯಿತು. ಎರಡು ಕೋಣೆಯ ಮನೆ ಇಷ್ಟು ದೊಡ್ಡದೆಂದು ಅವರಿಗೆ ಗೊತ್ತೇ ಇರಲಿಲ್ಲ. ಅವಳ ಗೊಣಗಾಟವಿಲ್ಲದೆ ನಿದ್ದೆಯೂ ಸರಿಯಾಗಿ ಹತ್ತುತ್ತಿರಲಿಲ್ಲ. ಸಸಿಗಳು ಕಿಟಕಿಯ ಕಡೆಗೆ ವಾಲುತ್ತಿದ್ದವು. ನಿಲ್ದಾಣದ ರಸ್ತೆ ಕಾಣುವುದೂ ಅದೇ ಕಿಟಕಿಯಿಂದಲೇ ಆದ್ದರಿಂದ ಸವೇಲಿಚ್ ಕೂಡ ಅತ್ತಲೇ ವಾಲುತ್ತಿದ್ದರು. ಸಸಿಗಳನ್ನು ತಿರುಗಿಸಲು ಅವರಿದ್ದರು, ಅವರನ್ನು ತಿರುಗಿಸಲು ಯಾರೂ ಇರಲಿಲ್ಲ.

ದಿನಾ ಸಂಜೆ ಫೋನ್ ಬರುತ್ತಿತ್ತು. "ಟೊಮೆಟೊ ಹೇಗಿವೆ?" ಎಂಬುದು ಮೊದಲ ಪ್ರಶ್ನೆ. ಎರಡನೆಯದೂ ಅದೇ. 'ನೀನು ಹೇಗಿದ್ದೀಯ' ಎಂಬ ಮಾತಿಗೆ ಕಾದು ಕಾದು ಸವೇಲಿಚ್‌ಗೆ ಸಸಿಗಳ ಮೇಲೆ ಹೊಟ್ಟೆಕಿಚ್ಚೇ ಬಂತು. 'ಬೇಗ ಬಂದುಬಿಡು' ಎಂಬುದು ನಾಲಿಗೆಯ ತುದಿಯವರೆಗೆ ಬರುತ್ತಿತ್ತು, ನಿಲ್ದಾಣದಲ್ಲಿ ಕೊಚ್ಚಿಕೊಂಡದ್ದು ನೆನಪಾಗಿ ಗಂಟಲಿಗೆ ವಾಪಸ್ಸು ಇಳಿಯುತ್ತಿತ್ತು.

"ಭರ್ಜರಿಯಾಗಿವೆ," ಎನ್ನುತ್ತಿದ್ದರು.

ಮಾರ್ಚಿನಲ್ಲಿ ಒಂದು ದಿನ ಒಳ್ಳೆಯ ಬಿಸಿಲು ಬಿದ್ದು, ಸೂರಿನ ಹಿಮ ತೊಟ್ಟಿಕ್ಕತೊಡಗಿತು. "ಬನ್ರೋ ಮಕ್ಕಳಾ, ಸ್ವಲ್ಪ ಗಾಳಿ ಕುಡೀರಿ. ಒಳಗೇ ಕೂತ್ರೆ ಮೈ ಗಟ್ಟಿಯಾಗಲ್ಲ," ಎಂದು ಡಬ್ಬಿಗಳನ್ನೆಲ್ಲ ಬಾಲ್ಕನಿಗೆ ಸಾಗಿಸಿ, ಸವೇಲಿಚ್ ಹಳೆಯ ಗೆಳೆಯರೊಂದಿಗೆ ಹಬೆಸ್ನಾನಕ್ಕೆ ಹೋದರು. ಹಬೆಮನೆಯಲ್ಲಿ ಕೂತವನಿಗೆ ಲೋಕವೆಲ್ಲ ಬೆಚ್ಚಗೇ ಕಾಣುತ್ತದೆ. ಕತ್ತಲಾದ ಮೇಲೆ ಮನೆಯ ದಾರಿಯಲ್ಲಿ ಮೀಸೆ ಹೆಪ್ಪುಗಟ್ಟಿದಾಗಲೇ ಟೊಮೆಟೊ ನೆನಪಾದದ್ದು. ಓಡಿಬಂದು ನೋಡಿದರೆ ಸಸಿಗಳೆಲ್ಲ ಬೆಂದ ಸೊಪ್ಪಿನ ಹಾಗೆ ಡಬ್ಬಿಯ ಅಂಚಿಗೆ ಜೋತುಬಿದ್ದಿದ್ದವು. ಬಡಾವಣೆಗೆಲ್ಲ ಬಿಸಿ ಕೊಟ್ಟ ಮಹಾನುಭಾವರ ಮನೆಯಲ್ಲೇ ಚಳಿಗೆ ಸಾವು!

ಅಷ್ಟರಲ್ಲಿ ಫಯೀನಾಳ ಫೋನ್ ಬಂತು. ಗಂಡನನ್ನು ಅವಳು ಕರೆಯುತ್ತಿದ್ದುದು ರೋದ್ಯಾ ಎಂದೇ.

"ರೋದ್ಯಾ, ಲೀದಾ ಇನ್ನೂ ಎರಡು ತಿಂಗಳು ಇರು ಅಂತ ಗೋಗರೀತಿದ್ದಾಳೆ. ಟೊಮೆಟೊ ನಿಜವಾಗ್ಲೂ ಚೆನ್ನಾಗಿದ್ರೆ ಇದ್ದು ಬರ್ತೀನಿ. ನಾಳೆ ಒಂದು ಫೋಟೊ ಕಳ್ಸು, ನೋಡಿ ಹೇಳ್ತೀನಿ."

ಅಷ್ಟು ಮಾತಿನಲ್ಲಿ ಸವೇಲಿಚ್ ಕಿವಿಗೆ ಬಿದ್ದದ್ದು ಫೋಟೊ ಎಂಬ ಒಂದೇ ಮಾತು. ಮಾನ ಹೋಗುವ ಹೊತ್ತಿನಲ್ಲಿ ಮಿಕ್ಕಿದ್ದು ಯಾರಿಗೆ ಕೇಳಿಸುತ್ತದೆ? ನೆಟ್ಟಗೆ ಎದುರು ಮನೆಯ ಬಾಗಿಲು ತಟ್ಟಿದರು. ಅಲ್ಲಿನ ಜೋಯಾ ಮಿರೊನೊವ್ನಾರ ಕಿಟಕಿಯಲ್ಲಿ ಸಸಿಗಳ ಕಾಡೇ ಬೆಳೆದಿತ್ತು. ಆ ಪುಣ್ಯಾತ್ಗಿತ್ತಿ ಕಥೆ ಕೇಳಿ, ಲೊಚಗುಟ್ಟಿ, ಎರಡು ಡಬ್ಬಿ ತಂದು ಕೈಗಿತ್ತರು.

"ದೊಡ್ಡ ಉಪಕಾರ ಆಯ್ತು, ಜೋಯಾ ಮಿರೊನೊವ್ನಾ. ಥ್ಯಾಂಕ್ಸ್."

ಆಕೆಯ ಮುಖ ಬಿಳಿಚಿಕೊಂಡಿತು. "ಏನಂದ್ರಿ? ಸಸಿ ಇಸ್ಕೊಂಡು ಯಾರಾದ್ರೂ ಥ್ಯಾಂಕ್ಸ್ ಅಂತಾರಾ? ಮುಗೀತು. ಇನ್ನು ಇವು ಬೇರು ಬಿಡಲ್ಲ. ಕೊಡಿ ಇಲ್ಲಿ."

"ಬಾಯಿ ತಪ್ಪಿ ಬಂತು. ವಾಪಸ್ ತಗೋತೀನಿ."

"ಅಂದಿದ್ದು ಅಂದಾಯ್ತು. ಈಗ ಇರೋದು ಒಂದೇ ದಾರಿ, ಕದೀಬೇಕು. ಕೊಟ್ಟ ಸಸಿಗಿಂತ ಕದ್ದ ಸಸಿ ಚೆನ್ನಾಗಿ ಹತ್ತುತ್ತೆ, ನಮ್ಮಜ್ಜಿ ಕಾಲದಿಂದ್ಲೂ ಹಾಗೇ. ನಾನು ಅಡುಗೆಮನೇಲಿ ಆ ಕಡೆ ತಿರುಗಿ ನಿಂತ್ಕೋತೀನಿ. ಟೊಮೆಟೊ ಬಲಗಡೆ ಇದೆ. ನಾನು ನೋಡಲ್ಲ, ಆಮೇಲೆ ಕೇಳೋದೂ ಇಲ್ಲ. ನೀವೂ ತುಟಿ ಬಿಚ್ಚಬಾರ್ದು."

ಕೆಲಸದ ಜಾಗದಿಂದ ಒಂದು ಮೊಳೆಯನ್ನೂ ಮನೆಗೆ ತಂದವರಲ್ಲ ಸವೇಲಿಚ್. ಕಿವಿ ಕೆಂಪಾಯಿತು. ಬಲಗಡೆ ಎಂದರೆ ಬಾಗಿಲಿನಿಂದ ನೋಡಿದರೋ, ಕಿಟಕಿಯಿಂದ ನೋಡಿದರೋ? ಕೇಳೋಣವೆಂದರೆ, ಮಾಲು ಎಲ್ಲಿದೆಯೆಂದು ಮನೆಯೊಡತಿಯನ್ನೇ ವಿಚಾರಿಸುವ ಕಳ್ಳ ಎಲ್ಲಾದರೂ ಉಂಟೇ? ಕೈಗೆ ಸಿಕ್ಕಿದ ಡಬ್ಬಿಗಳನ್ನು ಕೋಟಿನೊಳಗೆ ಸೇರಿಸಿಕೊಂಡು ಹೊರಬಿದ್ದರು. ಮೆಟ್ಟಿಲಲ್ಲಿ ಮೇಲಿನ ಮನೆಯ ಮುದುಕ ಎದುರಾದ.

"ಏನ್ ಸವೇಲಿಚ್, ಹೊಟ್ಟೆ ಬಂದಿದೆ?"

"ನಾನೇನೂ ಕದ್ದಿಲ್ಲ," ಎಂದುಬಿಟ್ಟರು ಸವೇಲಿಚ್. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡವರು ಲೋಕದಲ್ಲಿ ಇವರೊಬ್ಬರೇ ಇರಬೇಕು.

ಬೆಳಿಗ್ಗೆ ಸಸಿಗಳನ್ನು ಬಿಸಿಲಿಗೆ ನಿಲ್ಲಿಸಿ, ಫೋಟೊ ತೆಗೆದು ಕಳಿಸಿ, ಗೆದ್ದವರ ಹಾಗೆ ಚಹಾ ಕುಡಿಯಲು ಕೂತರು. ಅರ್ಧ ಲೋಟ ಮುಗಿಯುವಷ್ಟರಲ್ಲಿ ಹಿಂದಿನ ಸಂಜೆಯ ಮಿಕ್ಕ ಮಾತೆಲ್ಲ ನಿಧಾನವಾಗಿ ಕಿವಿಗೆ ಬಿತ್ತು. ಟೊಮೆಟೊ ಚೆನ್ನಾಗಿದ್ದರೆ ಅವಳು ಬರುವುದಿಲ್ಲ. ಸುಳ್ಳು ಹೇಳಿ, ಕಳ್ಳನಾಗಿ, ಕೈಯಾರೆ ಸಂಪಾದಿಸಿದ್ದು ಇನ್ನೂ ಎರಡು ತಿಂಗಳ ಖಾಲಿ ಮನೆಯನ್ನು. ಸವೇಲಿಚ್‌ಗೆ ಅಳುವೇ ಬಂದಂತಾಯಿತು. ಅವರಿಗೆ ಟೊಮೆಟೊ ಬೇಕಿರಲಿಲ್ಲ, ತೋಟ ಬೇಕಿರಲಿಲ್ಲ, ಫಯೀನಾ ಬೇಕಾಗಿದ್ದಳು.

ಸಂಜೆ ಫೋನ್ ಬಂತು. "ಫೋಟೊ ನೋಡ್ದೆ."

"ಹೇಗಿವೆ?"

ಆ ಕಡೆ ಫಯೀನಾ ಒಮ್ಮೆ ಕೆಮ್ಮಿದಳು. "ಚೆನ್ನಾಗಿವೆ."

"ಹಾಗಾದ್ರೆ ಅಲ್ಲೇ ಇರ್ತೀಯಾ?"

"ಮಗು ಅಳ್ತಿದೆ. ಇಡ್ತೀನಿ."

ಆ ವಾರದ ಕೊನೆಯಲ್ಲಿ, ಬೆಳಗಿನ ರೈಲಿನ ಹೊತ್ತಿಗೆ, ಬಾಗಿಲಲ್ಲಿ ಬೀಗದ ಕೈ ತಿರುಗಿತು. ಫಯೀನಾ ಚೀಲವನ್ನು ಕೆಳಗಿಟ್ಟು, ಕೋಟು ಕೂಡ ಬಿಚ್ಚದೆ ಕಿಟಕಿಯ ಹತ್ತಿರ ಹೋಗಿ ಒಂದು ಎಲೆಯನ್ನು ಬೆರಳಲ್ಲಿ ಸವರಿದಳು.

"ಇದು ದೊಣ್ಣೆಮೆಣಸಿನ ಸಸಿ, ರೋದ್ಯಾ. ಟೊಮೆಟೊ ಎಲೆ ಅಂಚು ಸೀಳಿರುತ್ತೆ. ಇದು ನುಣುಪಾಗಿದೆ ನೋಡು. ಫೋಟೊ ನೋಡಿದ ತಕ್ಷಣವೇ ಗೊತ್ತಾಯ್ತು."

ಸವೇಲಿಚ್ ಕುರ್ಚಿಯಲ್ಲಿ ಕುಸಿದರು. ಬಾಲ್ಕನಿ, ಹಬೆಸ್ನಾನ, ಕಳ್ಳತನ, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಕೊಂಡರು. ಅವಳು ನಗು ತಡೆದುಕೊಂಡು ಕೇಳಿದಳು. ಕೊನೆಗೆ ಅವರಿಗೊಂದು ಅನುಮಾನ ಉಳಿಯಿತು.

"ಅವತ್ತೇ ಗೊತ್ತಾಗಿದ್ರೆ ಫೋನಲ್ಲೇ ಯಾಕೆ ಬೈಲಿಲ್ಲ?"

ಫಯೀನಾ ತಲೆವಸ್ತ್ರದ ಗಂಟು ಬಿಚ್ಚುತ್ತಾ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಬೈದಿದ್ರೆ ನೀನು ಓಡಿಹೋಗಿ ಸರಿಯಾದ ಟೊಮೆಟೊ ತಂದಿಡ್ತಿದ್ದೆ. ಆಮೇಲೆ ಲೀದಾಗೆ ನಾನು ಏನಂತ ಹೇಳಿ ಹೊರಡ್ಲಿ? ಹೋದಾಗಿನಿಂದ ದಿನಾ ಟೊಮೆಟೊ ಹೇಗಿವೆ, ಟೊಮೆಟೊ ಹೇಗಿವೆ ಅಂತ ಬಾಯಿ ಬಡ್ಕೊಂಡೆ. ಒಂದು ದಿನವಾದ್ರೂ ಹಾಳಾಗಿವೆ, ಬಾ ಅಂತ ಹೇಳ್ಬಾರ್ದಿತ್ತಾ, ದಡ್ಡ?"