ಭಾವ ಮೂಸಿದ ವೈನು

ನಮ್ಮ ಭಾವನವರಷ್ಟು ಶ್ರದ್ಧೆಯಿಂದ ವೈನ್ ಮೂಸಿದವರು ಮಾಲ್ಡೋವಾ ದೇಶದಲ್ಲೇ ಇಲ್ಲ ಎಂದು ಬೇಕಾದರೆ ಆಣೆ ಮಾಡಿ ಹೇಳುತ್ತೇನೆ. ಕುಡಿದದ್ದು ಮಾತ್ರ ಒಂದು ಹನಿಯೂ ಇಲ್ಲ! ಅಮೆರಿಕದಲ್ಲಿ ನಾವಿರುವ ಇರ್ವಿಂಗ್ ಊರಿನ ಅಂಗಡಿಯಲ್ಲಿ ವೈನ್ ಜೋಡಿಸಿಟ್ಟ ಸಾಲು ಬಂದರೆ ಗಾಡಿ ತಿರುಗಿಸಿ ಸುತ್ತುಬಳಸಿ ಹೋಗುವ ಆಸಾಮಿ ಅವರು.

ಅಂಥವರು ಯುರೋಪಿನ ಆ ಮೂಲೆಗೆ ಹೊರಟಿದ್ದೇಕೆ? ಅಕ್ಕನ ಮೂಗಿಗಾಗಿ. ಎರಡು ವರ್ಷದ ಹಿಂದೆ ಅವಳಿಗೆ ಬಂದ ಜ್ವರ, ಹೋಗುವಾಗ ವಾಸನೆಯನ್ನೂ ಹೊತ್ತುಕೊಂಡು ಹೋಗಿತ್ತು. ಒಗ್ಗರಣೆ ಸೀದರೂ ತಿಳಿಯದು, ಊಟ ಮಾಡಿದರೆ ಮಣ್ಣು ತಿಂದ ಹಾಗೆ. ಅಡುಗೆಮನೆಗೆ ಕಾಲಿಡುವುದನ್ನೇ ಬಿಟ್ಟಳು. ಸೌಟು ಭಾವನ ಕೈಗೆ ಬಂತು. ನಾವೆಲ್ಲ ತೆಪ್ಪಗೆ ಉಂಡೆವು. ಬಗೆಬಗೆಯ ವಾಸನೆ ಮೂಸುತ್ತಿದ್ದರೆ ಮೂಗು ಪಳಗಬಹುದು ಎಂದರಂತೆ ಡಾಕ್ಟರು. ಮನೆಯಲ್ಲಿ ಲವಂಗ, ನಿಂಬೆಹಣ್ಣು ಇರಲಿಲ್ಲವೇ? ಭಾವ ಕೇಳಬೇಕಲ್ಲ! ನೆಲದಡಿ ಮೈಲಿಗಟ್ಟಲೆ ವೈನ್ ಪೀಪಾಯಿ ಇಟ್ಟಿರುವ ದೇಶ ಹುಡುಕಿದರು. ತಾವೇ ಕುದಿಸಿದ ಪುಳಿಯೋಗರೆ ಗೊಜ್ಜನ್ನು ಸೂಟ್‌ಕೇಸಿಗೆ ತುಂಬಿ, ಅದನ್ನು ಹೊರಲು ನನ್ನನ್ನೂ ಎಳೆದುಕೊಂಡು ಹೊರಟರು.

ನೆಲಮಾಳಿಗೆಯಲ್ಲಿ ಗ್ಲಾಸು ಕೊಟ್ಟರೆ ಭಾವ ಕಣ್ಣು ಮುಚ್ಚಿ ಮೂಸುವರು. ಆಮೇಲೆ ಅಕ್ಕನ ಮೂಗಿಗೆ ಹಿಡಿಯುವರು. ಅವಳು ತಲೆ ಅಲ್ಲಾಡಿಸಿದರೆ ಸಪ್ಪೆ ಮೋರೆ ಹಾಕಿ ತುಂಬಿದ ಗ್ಲಾಸು ವಾಪಸ್ ಕೊಡುವರು. ಇವರ್ಯಾರೋ ಭಾರೀ ಪರೀಕ್ಷಕರೆಂದು ಅಲ್ಲಿಯ ಯಜಮಾನ ಬೆವರಿದ! ಹಳೆಯ ಬಾಟಲಿ ತರಿಸಿದ, ಅದಕ್ಕಿಂತ ಹಳೆಯದನ್ನೂ ತರಿಸಿದ. ಎಲ್ಲಕ್ಕೂ ಅದೇ ತೀರ್ಪು. ಹಾಳಾಗಬಾರದಲ್ಲ, ನಾನು ಕುಡಿದೆ. ಅಲ್ಲಿಂದ ಡ್ರೈವ್ ಮಾಡಿದ್ದು ಯಾರೆಂದು ಬೇರೆ ಹೇಳಬೇಕೆ?

ಐದು ದಿನ ಹೀಗೇ ನಡೆಯಿತು. ಕೊನೆಯ ದಿನ ದ್ರಾಕ್ಷಿತೋಟದ ನಡುವಿನ ಒಂದು ಹಳ್ಳಿಮನೆಯಲ್ಲಿ ಇಳಿದೆವು. ಭಾವ ಅಂಗಳದಲ್ಲಿ ಸೂಟ್‌ಕೇಸ್ ತೆರೆದರೆ, ಗೊಜ್ಜಿನ ಬಾಟಲಿಯ ಮುಚ್ಚಳ ಸಡಿಲವಾಗಿ ಅಂಗಿಗಳೆಲ್ಲ ಎಣ್ಣೆಮಯ! ಮನೆಯ ಅಜ್ಜಿ ಸೆರಗಿಲ್ಲದ್ದಕ್ಕೆ ತಲೆವಸ್ತ್ರವನ್ನೇ ಮೂಗಿಗೆ ಒತ್ತಿಕೊಂಡು ಹಿಂದೆ ಸರಿದರು. ಭಾವ ನಾಚಿ, ಅಂಗಿಗಳನ್ನು ಬಾಚಿಕೊಂಡು ನಲ್ಲಿಯತ್ತ ಓಡಿದರು.

ಬೆಂಚಿನ ಮೇಲೆ ಕೂತಿದ್ದ ಅಕ್ಕ ತಲೆಯೆತ್ತಿದಳು.

"ರೀ, ಇಂಗು ಜಾಸ್ತಿ ಹಾಕಿದೀರ."

ನಲ್ಲಿ ಸುರಿಯುತ್ತಲೇ ಇತ್ತು. ಭಾವ ಒದ್ದೆ ಅಂಗಿ ಹಿಡಿದುಕೊಂಡೇ ಬಂದು ಅವಳ ಕಾಲ ಬಳಿ ನೆಲದ ಮೇಲೆ ಕೂತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಕಣ್ಣೂ ತುಂಬಿತು.

"ಇನ್ನೊಂದ್ ಸಲ ಹೇಳು" ಎಂದರು.

"ತುಂಬಾ ಜಾಸ್ತಿ ಆಗಿದೆ" ಎಂದಳು ಅಕ್ಕ, ಅಂಗಿಯನ್ನು ಮೂಗಿಗೆ ಎಳೆದುಕೊಂಡು.